ಯೂನಿಡೆನ್ ಎಸ್‌ಡಿಎಸ್100 ಸ್ಕ್ಯಾನರ್: ಕೂತು ಪ್ರೋಗ್ರಾಂ ಮಾಡೋರಿಗೆ ಮಾತ್ರ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರೋ ನಮ್ಮವರು ಪ್ರತಿ ಬೇಸಿಗೆಲೂ ಕೇಳೋ ಪ್ರಶ್ನೆ ಇದು, ಬೆಟ್ಟದ ಹುಲ್ಲೆಲ್ಲ ಒಣಗಿ ನಿಂತ ಮೇಲೆ ಎಲ್ಲಿ ಬೆಂಕಿ ಬಿತ್ತು ಯಾವ ಕಡೆ ತಿರುಗ್ತು ಅಂತ ಬೇಗ ಗೊತ್ತಾಗೋಕೆ ಯಾವ ಸ್ಕ್ಯಾನರ್ (ಅಗ್ನಿಶಾಮಕದವರು, ಪೊಲೀಸರು ರೇಡಿಯೋದಲ್ಲಿ ಮಾತಾಡೋದನ್ನ ಕೇಳೋ ಸೆಟ್) ತಗೋಬೇಕು ಅಂತ. ನನ್ನ ಹತ್ರ ಇರೋದು ಯೂನಿಡೆನ್ ಎಸ್‌ಡಿಎಸ್100, ಕೈಯಲ್ಲಿ ಹಿಡಿಯೋ ಡಿಜಿಟಲ್ ಸ್ಕ್ಯಾನರ್, 2018ರಲ್ಲಿ ಬಂದ ಮಾಡೆಲ್, ಬೆಲೆ 700 ಡಾಲರ್ ಆಸುಪಾಸು. ಕೇಳೋಕೆ ಮಾತ್ರ, ಇದ್ರಲ್ಲಿ ಮಾತಾಡೋಕಾಗಲ್ಲ. ಸೆಟ್ ನಿಜಕ್ಕೂ ಒಳ್ಳೇದು. ಆದ್ರೆ ಡಬ್ಬಿಯಿಂದ ತೆಗ್ದು ಜಿಪ್ ಕೋಡ್ ಹಾಕಿ ಹಾಗೇ ಬಿಟ್ಬಿಟ್ರೆ ಅಷ್ಟೂ ದುಡ್ಡು ದಂಡ, ಕೂತು ನಮಗೆ ಬೇಕಾದ ಹಾಗೆ ಪ್ರೋಗ್ರಾಂ ಮಾಡ್ಕೊಂಡ್ರೇನೇ ಅದು ಎಂಥಾ ಸೆಟ್ ಅಂತ ಗೊತ್ತಾಗೋದು.

ಇಷ್ಟು ದುಡ್ಡು ಯಾಕೆ ಕೊಡ್ಬೇಕು ಅಂದ್ರೆ ಸೈಮಲ್‌ಕಾಸ್ಟ್, ಅಂದ್ರೆ ಹಲವು ಟವರ್ ಒಂದೇ ಸಲ ಒಂದೇ ಸಿಗ್ನಲ್ ಬಿಡೋದು, ಅನ್ನೋ ಒಂದೇ ಕಾರಣಕ್ಕೆ. ಇಲ್ಲಿ ಸಾಂಟಾ ಕ್ಲಾರಾ ಕೌಂಟಿಯ ಊರುಗಳೆಲ್ಲ ಸೇರಿ ಎಸ್‌ವಿಆರ್‌ಸಿಎಸ್ ಅಂತ ಒಂದು ರೇಡಿಯೋ ಸಿಸ್ಟಮ್ ಮಾಡ್ಕೊಂಡಿದಾರೆ, ಅದು ಪಿ25 ಅನ್ನೋ ಡಿಜಿಟಲ್ ರೇಡಿಯೋ ಪದ್ಧತಿಯ ಫೇಸ್ 2, ಅಂದ್ರೆ ಒಂದೇ ಫ್ರೀಕ್ವೆನ್ಸಿನ ಎರಡು ಸ್ಲಾಟ್ ಮಾಡಿ ಎರಡು ಮಾತುಕತೆ ಕಳಿಸ್ತಾರೆ. ಇಲಾಖೆಗೊಂದು ಫ್ರೀಕ್ವೆನ್ಸಿ ಅಂತ ಇರಲ್ಲ, ಯಾರಾದ್ರೂ ಮೈಕ್ ಒತ್ತಿದ ತಕ್ಷಣ ಸಿಸ್ಟಮ್‌ನ ಕಂಟ್ರೋಲ್ ಚಾನೆಲ್ಲು ಖಾಲಿ ಇರೋ ಒಂದು ಫ್ರೀಕ್ವೆನ್ಸಿನ ಆ ಟಾಕ್‌ಗ್ರೂಪಿಗೆ (ಒಟ್ಟಿಗೆ ಮಾತಾಡ್ಕೊಳ್ಳೋ ಗುಂಪಿಗೆ) ಕೊಡುತ್ತೆ, ಸ್ಕ್ಯಾನರ್ ಅದ್ರ ಹಿಂದೆನೇ ಓಡ್ಬೇಕು. ಇದ್ರ ಮೇಲೆ ಬೇರೆ ಬೇರೆ ಬೆಟ್ಟದ ಮೇಲಿನ ಟವರ್‌ಗಳೆಲ್ಲ ಒಂದೇ ಸಲ ಒಂದೇ ಫ್ರೀಕ್ವೆನ್ಸಿಲಿ ಅದೇ ಸಿಗ್ನಲ್ ಬಿಡ್ತವೆ, ಅವು ನಮ್ಮ ಆಂಟೆನಾಗೆ ಚೂರುಪಾರು ಹಿಂದೆ ಮುಂದೆ ಬಂದು ಒಂದರ ಮೇಲೊಂದು ಬೀಳುತ್ತೆ. ದೇವಸ್ಥಾನದ ನಾಲ್ಕು ಮೂಲೆ ಮೈಕಲ್ಲೂ ಒಂದೇ ಮಂತ್ರ ಕೇಳಿ ಒಂದಕ್ಷರಾನೂ ತಿಳಿಯದೆ ಇರುತ್ತಲ್ಲ, ಹಳೇ ಸ್ಕ್ಯಾನರ್‌ಗಳಿಗೆ ಅದೇ ಗತಿ. ಸಿಗ್ನಲ್ ಬಾರ್ ಪೂರ್ತಿ ತೋರಿಸ್ತಿರುತ್ತೆ, ಮಾತು ಮಾತ್ರ ಕಟ್ ಕಟ್ ಆಗಿ ಬರುತ್ತೆ. ಎಸ್‌ಡಿಎಸ್100ರಲ್ಲಿ ಐ/ಕ್ಯೂ ಅನ್ನೋ ಬೇರೆ ಥರದ ರಿಸೀವರ್ ಇರೋದ್ರಿಂದ ಆ ಕಲಸುಮೇಲೋಗರದಲ್ಲೂ ಮಾತನ್ನ ಬಿಡಿಸಿ ಕೊಡುತ್ತೆ, ನಮ್ಮನೆ ಒಳಗೆ ಅಡುಗೆಮನೆ ಕಟ್ಟೆ ಮೇಲೆ ಇಟ್ರೂ ಸ್ಪಷ್ಟವಾಗಿ ಕೇಳ್ಸುತ್ತೆ.

ಈಗ ಪ್ರೋಗ್ರಾಮಿಂಗ್ ವಿಷಯಕ್ಕೆ ಬರ್ತೀನಿ. ಸಾಫ್ಟ್‌ವೇರ್ ಹೆಸರು ಸೆಂಟಿನೆಲ್, ಫ್ರೀ, ಆದ್ರೆ ವಿಂಡೋಸ್ ಮಾತ್ರ, ಮ್ಯಾಕ್ ಇಟ್ಕೊಂಡಿರೋರು ಒಂದು ಹಳೇ ವಿಂಡೋಸ್ ಲ್ಯಾಪ್‌ಟಾಪ್ ಹುಡುಕ್ಕೊಳ್ಳಿ. ಸೆಟ್ಟನ್ನ ಯುಎಸ್‌ಬಿ ಕೇಬಲ್ಲಲ್ಲಿ ಜೋಡಿಸಿ ಮಾಸ್ ಸ್ಟೋರೇಜ್ ಮೋಡ್‌ಗೆ ಹಾಕಿದ್ರೆ ಒಳಗಿರೋ ಎಸ್‌ಡಿ ಕಾರ್ಡ್ ಕಂಪ್ಯೂಟರಿಗೆ ಕಾಣುತ್ತೆ. ರೇಡಿಯೋ ರೆಫರೆನ್ಸ್ ಅನ್ನೋ ವೆಬ್‌ಸೈಟ್‌ನವರ ಚಾನೆಲ್ ಡೇಟಾಬೇಸ್ ಪೂರ್ತಿ ಅದ್ರಲ್ಲೇ ಇರುತ್ತೆ, ಮೊದ್ಲು ಅದನ್ನ ಅಪ್‌ಡೇಟ್ ಮಾಡ್ಕೊಳ್ಳಿ. ಜಿಪ್ ಕೋಡ್ ಹಾಕಿದ್ರೆ ಸೆಟ್ ತಾನೇ ಸುತ್ತಮುತ್ತದ್ದೆಲ್ಲ ಸ್ಕ್ಯಾನ್ ಮಾಡೋಕೆ ಶುರು ಮಾಡುತ್ತೆ, ಆದ್ರೆ ಬೇ ಏರಿಯಾ ಅಂಥ ಜಾಗದಲ್ಲಿ ಅದು ಬರೀ ಗಲಾಟೆ, ಕಸದ ಲಾರಿಯವರ ಮಾತು, ಪಾರ್ಕಿಂಗ್‌ನವರ ಮಾತು ಎಲ್ಲ ಬಂದು ನಮಗೆ ಬೇಕಾಗಿದ್ದೇ ಕೈ ತಪ್ಪಿಹೋಗುತ್ತೆ. ಅದಕ್ಕೇ ಫೇವರಿಟ್ಸ್ ಲಿಸ್ಟ್ ಮಾಡ್ಬೇಕು. ಡೇಟಾಬೇಸಲ್ಲಿ ನಮ್ಮ ಸಿಸ್ಟಮ್ ತೆಗ್ದು ನಮ್ಮ ಲಿಸ್ಟಿಗೆ ಸೇರಿಸಿ, ಆಮೇಲೆ ಮನೆಗೆ ಹತ್ತಿರದ ಸೈಟ್ (ಟವರ್‌ಗಳ ಗುಂಪು) ಒಂದೋ ಎರಡೋ ಉಳಿಸ್ಕೊಂಡು ಮಿಕ್ಕಿದ್ದನ್ನ ಅವಾಯ್ಡ್ ಹಾಕಿ, ದೂರದ ಸೈಟ್‌ಗಳ ಹಿಂದೆ ಸೆಟ್ ಸುಮ್ನೆ ಟೈಮ್ ಹಾಳು ಮಾಡೋದು ತಪ್ಪುತ್ತೆ. ಬೇಡದ ಡಿಪಾರ್ಟ್‌ಮೆಂಟ್‌ಗಳನ್ನೂ ತೆಗೀರಿ. ಉಳಿದಿದ್ದಕ್ಕೆ ಕ್ವಿಕ್ ಕೀ ನಂಬರ್ ಕೊಟ್ಟಿಟ್ರೆ ಆಮೇಲೆ ಸೆಟ್ಟಲ್ಲೇ ನಂಬರ್ ಒತ್ತಿ ಬೇಕಾದಾಗ ಆನ್, ಬೇಡದಾಗ ಆಫ್ ಮಾಡ್ಕೋಬಹುದು.

ಇಲ್ಲಿ ಬಹಳ ಜನ ಸಿಕ್ಕಿಹಾಕ್ಕೊಳ್ಳೋ ಜಾಗ ಸರ್ವಿಸ್ ಟೈಪ್. ಪ್ರತಿ ಚಾನೆಲ್ಲಿಗೂ ಫೈರ್ ಡಿಸ್ಪ್ಯಾಚ್ (ಬೆಂಕಿ ಕರೆ ಬಂದಾಗ ತಂಡ ಕಳಿಸೋದು), ಫೈರ್ ಟ್ಯಾಕ್ (ಸ್ಥಳದಲ್ಲಿರೋರ ಮಾತುಕತೆ), ಲಾ ಡಿಸ್ಪ್ಯಾಚ್ (ಪೊಲೀಸರದ್ದು) ಅಂತ ಒಂದು ಜಾತಿ ಇರುತ್ತೆ, ಆ ಜಾತಿ ಆನ್ ಆಗಿಲ್ಲ ಅಂದ್ರೆ ಚಾನೆಲ್ ಲಿಸ್ಟಲ್ಲಿ ಇದ್ರೂ ಸದ್ದೇ ಬರಲ್ಲ. ಡಿಸ್ಪ್ಯಾಚ್ ಕೇಳ್ತಿದೆ ಆಮೇಲಿಂದು ಏನೂ ಕೇಳ್ತಿಲ್ಲ ಅನ್ನೋರು ಮೊದ್ಲು ಫೈರ್ ಟ್ಯಾಕ್‌ಗೆ ಟಿಕ್ ಇದೆಯಾ ನೋಡ್ಕೊಳ್ಳಿ. ಇನ್ನೊಂದು, ಡಿಲೇ, ಅಂದ್ರೆ ಮಾತು ನಿಂತ ಮೇಲೆ ಸೆಟ್ ಆ ಚಾನೆಲ್ಲಲ್ಲೇ ಕಾಯೋ ಹೊತ್ತು, ಸಾಮಾನ್ಯವಾಗಿ 2 ಸೆಕೆಂಡ್ ಇರುತ್ತೆ, ಫೈರ್ ಚಾನೆಲ್‌ಗಳಿಗೆ ನಾನು 5 ಸೆಕೆಂಡ್ ಮಾಡಿದೀನಿ, ಯಾಕಂದ್ರೆ ಹೊಗೆ ಮಧ್ಯೆ ಇರೋನು ಉತ್ತರ ಕೊಡೋಕೆ ಸ್ವಲ್ಪ ಹೊತ್ತು ತಗೋತಾನೆ, ಅಷ್ಟರಲ್ಲಿ ಸೆಟ್ ಬೇರೆ ಚಾನೆಲ್ಲಿಗೆ ಹಾರಿಬಿಟ್ರೆ ಮುಖ್ಯವಾದ ಮಾತೇ ತಪ್ಪಿಹೋಗುತ್ತೆ. ಹಾಗೇನಾದ್ರೂ ತಪ್ಪಿದ್ರೂ ರೀಪ್ಲೇ ಇದೆ, ಹಿಂದಿನ 240 ಸೆಕೆಂಡಿನ ತನಕ ವಾಪಸ್ ಕೇಳ್ಬಹುದು.

ಬೆಂಕಿ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು ಯಾಕಂದ್ರೆ ನಾನು ಇದನ್ನ ಇಟ್ಕೊಂಡಿರೋದೇ ಅದಕ್ಕೆ. 2020ರ ಆಗಸ್ಟಲ್ಲಿ ಸಿಡಿಲಿಂದ ಹತ್ಕೊಂಡ ಬೆಂಕಿ ನೆನಪಿದೆಯಲ್ಲ, ಸಾಂಟಾ ಕ್ರೂಜ್ ಬೆಟ್ಟದ ಕಡೆ ಸಿಜೆಡ್‌ಯು ಅನ್ನೋ ಬೆಂಕಿ 86 ಸಾವಿರ ಎಕರೆ, ಸ್ಯಾನ್ ಹೋಸೆ ಪೂರ್ವಕ್ಕೆ ಎಸ್‌ಸಿಯು ಅನ್ನೋದು ಹತ್ತತ್ರ 4 ಲಕ್ಷ ಎಕರೆ. ಕಾಲ್ ಫೈರ್‌ನವರ (ರಾಜ್ಯದ ಅಗ್ನಿಶಾಮಕ ಇಲಾಖೆಯವರ) ರೇಡಿಯೋ ಇವತ್ತಿಗೂ ವಿಎಚ್‌ಎಫ್ ಅನಲಾಗ್, 151 ಮೆಗಾಹರ್ಟ್ಸ್ ಸುತ್ತಮುತ್ತ, ಸೀದಾ ಸಾದಾ ಎಫ್‌ಎಂ. ಒಂದು ಪ್ರತ್ಯೇಕ ಫೇವರಿಟ್ಸ್ ಲಿಸ್ಟ್ ಮಾಡಿ ನಿಮ್ಮ ಭಾಗ ನೋಡ್ಕೊಳ್ಳೋ ಕಾಲ್ ಫೈರ್ ಯೂನಿಟ್‌ನ ಡಿಸ್ಪ್ಯಾಚ್, ಕಮಾಂಡ್, ಟ್ಯಾಕ್, ಏರ್ ಟು ಗ್ರೌಂಡ್ (ವಿಮಾನದವರು ನೆಲದವರ ಜೊತೆ ಮಾತಾಡೋದು) ಅಷ್ಟೂ ಹಾಕಿಟ್ಕೊಳ್ಳಿ. ಡಿಸ್ಪ್ಯಾಚಲ್ಲಿ ವೆಜಿಟೇಶನ್ ಫೈರ್ ಅಂತ ಜಾಗ ಹೇಳಿ, ಕಮಾಂಡ್ ಇಂಥದ್ದು ಟ್ಯಾಕ್ ಇಂಥದ್ದು ಅಂತಾನೂ ಹೇಳ್ತಾರೆ, ತಕ್ಷಣ ಆ ಚಾನೆಲ್ಲಿಗೆ ಹೋಗಿ ಸ್ಕ್ರೀನ್ ಕೆಳಗಿನ ಚಾನೆಲ್ ಬಟನ್ ಒತ್ತಿ ಹೋಲ್ಡ್ ಹಾಕ್ಬಿಡಿ. ಮೊದಲು ಹೋದ ಇಂಜಿನ್‌ನವರು ಎಷ್ಟು ಎಕರೆ, ಹುಲ್ಲಾ ಪೊದೆಯಾ, ಎಷ್ಟು ಸ್ಪೀಡಲ್ಲಿ ಹರಡ್ತಿದೆ, ಮನೆಗಳಿಗೆ ಅಪಾಯ ಇದೆಯಾ ಅಂತ ಒಂದೇ ಉಸಿರಲ್ಲಿ ರಿಪೋರ್ಟ್ ಕೊಡ್ತಾರೆ. ಫಾರ್ವರ್ಡ್ ಪ್ರೋಗ್ರೆಸ್ ಸ್ಟಾಪ್ಡ್ ಅನ್ನೋ ಮಾತು ಬಂತು ಅಂದ್ರೆ ಬೆಂಕಿ ಮುಂದಕ್ಕೆ ಹೋಗೋದು ನಿಂತಿದೆ ಅಂತ, ಅದನ್ನ ಕೇಳಿದ್ಮೇಲೇನೇ ನಮಗೂ ಜೀವದಲ್ಲಿ ಜೀವ ಬರೋದು. ಹಾಗಂತ ಸ್ಕ್ಯಾನರ್ ನಂಬ್ಕೊಂಡು ಮನೇಲೇ ಕೂರ್ಬೇಡಿ, ಮನೆ ಬಿಡಿ ಅಂತ ಆರ್ಡರ್ ಬಂದ್ರೆ ಮೊದ್ಲು ಹೊರಡಿ.

ಪೊಲೀಸರದ್ದು ಕೇಳೋಕೆ ಅಂತ ಮಾತ್ರ ತಗೋಳೋದಾದ್ರೆ ಬೇಡ ಅಂತೀನಿ. ಎನ್‌ಕ್ರಿಪ್ಟ್ ಆಗಿರೋದನ್ನ (ಗುಟ್ಟಿನ ಕೋಡಲ್ಲಿ ಮುಚ್ಚಿಟ್ಟಿದ್ದನ್ನ) ಯಾವ ಸ್ಕ್ಯಾನರಲ್ಲೂ ಕೇಳೋಕಾಗಲ್ಲ, ಎಷ್ಟೇ ದುಡ್ಡು ಕೊಟ್ರೂ ಅಷ್ಟೇ. 2020ರ ಅಕ್ಟೋಬರಲ್ಲಿ ಕ್ಯಾಲಿಫೋರ್ನಿಯಾ ನ್ಯಾಯ ಇಲಾಖೆ ಜನರ ಖಾಸಗಿ ವಿವರ ಗಾಳಿಯಲ್ಲಿ ಹೋಗ್ಬಾರ್ದು ಅಂತ ಸುತ್ತೋಲೆ ಕಳಿಸಿದ ಮೇಲೆ ಊರೂರಿನ ಪೊಲೀಸರು ಬಾಗಿಲು ಹಾಕ್ಕೊಂಡ್ರು. ಪಾಲೋ ಆಲ್ಟೋದವರು 2021ರಲ್ಲಿ ಹಾಗೇ ಮಾಡಿ 2022ರಲ್ಲಿ ಮತ್ತೆ ತೆರೆದ್ರು, ಅದು ಒಳ್ಳೇ ಕೆಲಸ, ಬೇರೆ ಊರಿನವರೂ ಮಾಡ್ಬೇಕು ಅಂತ ನನ್ನ ಆಸೆ. ಕಾರ್ಡ್ ಉಜ್ಜೋಕೆ ಮುಂಚೆ ರೇಡಿಯೋ ರೆಫರೆನ್ಸಲ್ಲಿ ನಿಮ್ಮ ಕೌಂಟಿ ತೆಗ್ದು ನೋಡಿ, ಟಾಕ್‌ಗ್ರೂಪ್ ಮುಂದೆ ದೊಡ್ಡ ಇ (E) ಅಕ್ಷರ ಇದ್ರೆ ಅದನ್ನ ಮರ್ತುಬಿಡಿ.

ಬೆಂಕಿ ಇಲ್ದಿದ್ದಾಗ ನಾನು ವಿಮಾನ ಕೇಳ್ತೀನಿ, ಎಸ್‌ಎಫ್‌ಓ (ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣ) ಟವರ್ 120.5 ಮೆಗಾಹರ್ಟ್ಸಲ್ಲಿ ಏರ್ ಇಂಡಿಯಾ ಪೈಲಟ್ ದನಿ ಬಂದ್ರೆ ಮನೆಯವ್ರೆಲ್ಲ ಕಿವಿ ನಿಮಿರಿಸ್ತಾರೆ. 162.400ರಿಂದ 162.550ರ ತನಕ ಹವಾಮಾನದ ಚಾನೆಲ್‌ಗಳಿವೆ, ರೈಲಿನವರು 160-161ರಲ್ಲಿ ಸಿಗ್ತಾರೆ.

ಕೊರತೆ ಇಲ್ಲ ಅಂತಲ್ಲ. ಬ್ಯಾಟರಿ ಒಂದು ಹಗಲು ಬಂದ್ರೆ ಹೆಚ್ಚು, ಪವರ್ ಕಟ್ ಆಗೋ ದಿನಗಳಿಗೆ ಪವರ್ ಬ್ಯಾಂಕ್ ಜೊತೇಲಿ ಇರ್ಲೇಬೇಕು. ಡಿಎಂಆರ್, ಎನ್‌ಎಕ್ಸ್‌ಡಿಎನ್ ಅನ್ನೋ ಬೇರೆ ಡಿಜಿಟಲ್ ಪದ್ಧತಿ ಕೇಳೋಕೆ ಬೇರೆ ಬೇರೆಯಾಗಿ ದುಡ್ಡು ಕಟ್ಟಿ ತೆಗೆಸ್ಬೇಕು, ಇಷ್ಟು ಬೆಲೆಯ ಸೆಟ್ಟಿಗೆ ಅದು ಸರಿಯಲ್ಲ. ವಿಎಚ್‌ಎಫ್ ಕಡೆ ಜೊತೇಲಿ ಬರೋ ಆಂಟೆನಾ ಸಾಧಾರಣ, ಎಸ್‌ಎಂಎ ಕನೆಕ್ಟರ್ ಇರೋದ್ರಿಂದ ಬೇರೆದು ಹಾಕ್ಕೋಬಹುದು. ದುಡ್ಡು ಕಮ್ಮಿ ಇರೋ ಹುಡುಗರು ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಹಾಕೋ ರೇಡಿಯೋ ರಿಸೀವರ್) ತಗೊಂಡು ಕಂಪ್ಯೂಟರಲ್ಲಿ ಎಸ್‌ಡಿಆರ್‌ಟ್ರಂಕ್ ಸಾಫ್ಟ್‌ವೇರ್ ಹಾಕಿ ಪಿ25 ಕೇಳಿ, ಕಲಿಯೋಕೆ ಅದೇ ಒಳ್ಳೇದು, ಜೇಬಲ್ಲಿ ಇಟ್ಕೊಂಡು ಓಡಾಡೋಕಾಗಲ್ಲ ಅಷ್ಟೇ.

ಕಾನೂನಿನ ವಿಷಯ, ನ್ಯೂಯಾರ್ಕ್, ಫ್ಲೋರಿಡಾ, ಇಂಡಿಯಾನಾ ಅಂಥ ಕೆಲವು ರಾಜ್ಯಗಳಲ್ಲಿ ಕಾರಲ್ಲಿ ಇಟ್ಕೊಳ್ಳೋಕೆ ನಿರ್ಬಂಧ ಇದೆ, ದೂರ ಡ್ರೈವ್ ಹೊರಡೋರು ವಿಚಾರಿಸ್ಕೊಳ್ಳಿ. ಊರಿಗೆ ಹೋಗುವಾಗ ಬೆಂಗಳೂರಿಗೆ ತಗೊಂಡು ಹೋಗೋ ಯೋಚನೆಯಂತೂ ಖಂಡಿತ ಬೇಡ, ಅಲ್ಲಿ ವೈರ್‌ಲೆಸ್ ಸೆಟ್ಟಿಗೆ ಲೈಸೆನ್ಸ್ ಬೇಕು, ಕಸ್ಟಮ್ಸಲ್ಲಿ ಉತ್ತರ ಹೇಳ್ಬೇಕಾಗುತ್ತೆ.

ಬೆಟ್ಟದ ಬುಡದಲ್ಲಿ ಮನೆ ಮಾಡಿರೋರು, ಸಾರಟೋಗಾ, ಲಾಸ್ ಗ್ಯಾಟೋಸ್, ಮಾರ್ಗನ್ ಹಿಲ್ ಕಡೆಯವರು, ಕಣ್ಣು ಮುಚ್ಕೊಂಡು ತಗೊಳ್ಳಿ, ಪ್ರೋಗ್ರಾಂ ಮಾಡೋಕೆ ಒಂದು ಭಾನುವಾರ ಎತ್ತಿಡಿ. ಸೈಟ್ ಆರಿಸೋದ್ರಲ್ಲಿ ಗೊಂದಲ ಆದ್ರೆ ಊರಿನ ಹೆಸರು ಹಾಕಿ ಕೆಳಗೆ ಕೇಳಿ, ಗೊತ್ತಿರೋ ಮಟ್ಟಿಗೆ ಹೇಳ್ತೀನಿ.