ಎರಿ ಮಣ್ಣು, ಕೋಕೋಪೀಟ್, ನೀರು: ಒಂದೇ ಕಿಟಕಿಯ ಮೂರು ಬೆಳೆ

ಧಾರವಾಡದ ಬಾಡಿಗೆ ಮನೆ, ಎರಡನೇ ಮಹಡಿ, ಅಂಗಳವಿಲ್ಲ. ಸೀಗಿ ಹುಣ್ಣಿಮೆಗೆ ಬಸುರಿ ಭೂಮಿತಾಯಿಗೆ ಚರಗ ಚೆಲ್ಲಿ ಬೆಳೆದವಳು ನಾನು. ನಿಸರ್ಗವನ್ನೂ ಋತುಗಳ ಹೊರಳುವಿಕೆಯನ್ನೂ ಪೂಜಿಸುವ ಪೇಗನ್ ದಾರಿ ಹಿಡಿದ ಮೇಲೂ ಅದನ್ನು ಬಿಡಬೇಕು ಅನ್ನಿಸಲಿಲ್ಲ. ಪೇಗನ್ ಎಂಬ ಮಾತಿನ ಮೂಲ ಲ್ಯಾಟಿನ್ನಿನ ‘ಪಗಾನುಸ್’, ಹಳ್ಳಿಯವ ಅಂತಲೇ ಅದರ ಅರ್ಥ. ಹಾಗಾಗಿ ಈ ಸಲ ಸೀಗಿ ಹುಣ್ಣಿಮೆಯಿಂದ ಸಂಕ್ರಮಣದವರೆಗೆ ತೆಂಕಣ ಕಿಟಕಿಯ ಕೋಣೆಯಲ್ಲಿ ಮೂರು ಥರ ಬೆಳೆದು ನೋಡಿದೆ. ಅಡಿಗೆಗೂ ಬೇಕು, ಪೂಜೆಗೂ ಒದಗಬೇಕು.

ಎರಿ ಮಣ್ಣು ನವಲಗುಂದದ ಕಡೆಯ ಹೊಲದ್ದು. ಮೊದಲ ಸಲ ಕುಂಡಕ್ಕೆ ಬರೀ ಅದನ್ನೇ ತುಂಬಿ ತಪ್ಪು ಮಾಡಿದೆ. ಹಸಿ ಇದ್ದಾಗ ಉಬ್ಬಿ ಅಂಟಾಯಿತು, ಒಣಗಿದಾಗ ಬಿರಿದು ಕುಂಡದ ಅಂಚು ಬಿಟ್ಟು ನಿಂತಿತು. ಹಾಕಿದ ನೀರೆಲ್ಲ ಆ ಸಂದಿಯಿಂದಲೇ ತಟ್ಟೆಗೆ ಇಳಿಯಿತು. ಕೊತ್ತಂಬರಿ ಮೇಲೇಳಲೇ ಇಲ್ಲ. ಎರಡನೇ ಸಲ ಮಣ್ಣು, ಮರಳು, ಹಳೇ ತಿಪ್ಪೆಗೊಬ್ಬರ ಸಮಪಾಲು ಬೆರೆಸಿದೆ. ಬೀಜವನ್ನು ಅಂಗೈಯಲ್ಲಿ ತಿಕ್ಕಿ ಹೋಳು ಮಾಡಿ ಒಂದು ರಾತ್ರಿ ನೆನೆಸಿಟ್ಟೆ. ಹತ್ತನೇ ದಿನ ಬೆಳಿಗ್ಗೆ ನೋಡಿದರೆ ಮಣ್ಣಿನ ಹೆಪ್ಪನ್ನು ತಲೆಯ ಮೇಲೆ ಹೊತ್ತ ಬಾಗಿದ ಕತ್ತುಗಳು! ದೀಪ ಹಚ್ಚಿ ಕೈ ಮುಗಿದೆ.

ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ, ಹಗುರ. ಉಪ್ಪು ಹೋಗಲೆಂದು ಎರಡು ಸಲ ತೊಳೆದು ಮೆಂತ್ಯೆ ಹಾಕಿದೆ. ಮೂರೇ ದಿನಕ್ಕೆ ಚಾಪೆ ಹಾಸಿದಂತೆ ಎದ್ದಿತು. ಆದರೆ ಅದರಲ್ಲಿ ಸತ್ವವಿಲ್ಲ. ಬೀಜದೊಳಗಿನ ಬುತ್ತಿ ತೀರಿದ ಮೇಲೆ ಎಲೆ ಬಿಳಿಚಿಕೊಂಡವು. ಅಲ್ಪಾಯುಷ್ಯದ ಬೆಳೆಗೆ ಮಾತ್ರ ಇದು ಸಾಕು. ನವರಾತ್ರಿಗೆ ಅವ್ವ ಹಾಕುತ್ತಿದ್ದ ಘಟ್ಟದ ಸಸಿ ಅಂಥದ್ದು. ಪ್ರಾಚೀನ ಅಥೆನ್ಸಿನ ಹೆಣ್ಣುಮಕ್ಕಳು ಎಳೆ ಹರೆಯದಲ್ಲೇ ಸತ್ತ ಪುರಾಣದ ಚೆಲುವ ಅಡೋನಿಸ್‌ನ ಹಬ್ಬಕ್ಕೆ ಒಡೆದ ಮಡಕೆಗಳಲ್ಲಿ ಬಿತ್ತಿ ಮಾಳಿಗೆ ಮೇಲಿಡುತ್ತಿದ್ದ ಲೆಟ್ಯೂಸ್ ಕೂಡ ಅಂಥದ್ದೇ. ಬೇಗ ಚಿಗುರಿ ಬೇಗ ಬಾಡುತ್ತಿತ್ತು.

ಇಳುವರಿಗೆ ನೀರೇ ಮೇಲು. ಪುದೀನಾ ಕಡ್ಡಿ ಬಾಟಲಿಯಲ್ಲಿಟ್ಟರೆ ವಾರದೊಳಗೆ ಬೇರು. ಪಾರದರ್ಶಕ ಬಾಟಲಿಗೆ ಪಾಚಿ ಕಟ್ಟಿತು, ಕಾಗದ ಸುತ್ತಿದ ಮೇಲೆ ನಿಂತಿತು. ಬಾಟಲಿ ಇಟ್ಟ ಮೂಲೆಯಲ್ಲಿ ದಿನಾ 14 ತಾಸು ಎಲ್‌ಇಡಿ ದೀಪದ ಬೆಳಕು. ಚಟ್ನಿಗೆ ಒಂದು ದಿನವೂ ಕೊರತೆಯಾಗಲಿಲ್ಲ.

ಆದರೆ ನನಗೆ ತೊಡಕಾದದ್ದು ಅದೇ. ಆ ಪುದೀನಾಕ್ಕೆ ಅಕ್ಟೋಬರೂ ಒಂದೇ, ಡಿಸೆಂಬರೂ ಒಂದೇ. ಎರಿ ಮಣ್ಣಿನ ಕುಂಡ ಹಾಗಲ್ಲ. ಸೂರ್ಯ ತೆಂಕಣಕ್ಕೆ ವಾಲಿದಷ್ಟೂ ಕಿಟಕಿಯ ಬಿಸಿಲು ಕೋಣೆಯ ಒಳಗೊಳಗೆ ಬರುತ್ತದೆ. ಪ್ರತಿ ಭಾನುವಾರ ನಡುಮಧ್ಯಾಹ್ನ ಬಿಸಿಲಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು, ಕುಂಡವನ್ನೂ ಜೊತೆಗೇ ಸರಿಸಿದೆ. ಡಿಸೆಂಬರ್ 21ರ ಸುಮಾರಿಗೆ, ವರ್ಷದ ಅತಿ ಚಿಕ್ಕ ಹಗಲಿಗೆ ಬರುವ ಪೇಗನ್ ಹಬ್ಬ ಯೂಲ್ ಹೊತ್ತಿಗೆ ಗೆರೆ ಒಂದೂವರೆ ಮೊಳ ಒಳಗೆ ಬಂದಿತ್ತು. ಹಗಲು ಚಿಕ್ಕದಾಗಿ ಕೊತ್ತಂಬರಿ ನಿಧಾನವಾಯಿತು, ನಾನೂ ಕೊಯ್ಯುವುದನ್ನು ಕಡಿಮೆ ಮಾಡಿದೆ. ಹೊರಳುವ ವರ್ಷದ ಜೊತೆ ನಾವೂ ಹೊರಳುವುದೇ ನನ್ನ ಆಚರಣೆ, ಅದು ನಡೆದದ್ದು ಈ ಕುಂಡದಲ್ಲಿ ಮಾತ್ರ. ಸಣ್ಣ ನೊಣಗಳ ಕಾಟ, ತೂಕ, ಕಡಿಮೆ ಸೊಪ್ಪು, ಎಲ್ಲ ಇದ್ದರೂ ನನ್ನ ಆಯ್ಕೆ ಅದೇ. ಪುದೀನಾ ನೀರಲ್ಲೇ ಇರಲಿ, ಅಡಿಗೆಮನೆಯಲ್ಲಿ.

ಸಂಕ್ರಮಣದ ದಿನ ಬಿಸಿಲು ಕೊನೆಯ ಗೆರೆಯಿಂದ ಐದಾರು ಬೆರಳು ಹಿಂದೆ ಸರಿದಿತ್ತು. ಸಜ್ಜಿ ರೊಟ್ಟಿಯ ಒಂದು ಚೂರು, ನಾಲ್ಕು ಕುಸುರೆಳ್ಳು ಆ ಮಣ್ಣಿಗೆ ಹಾಕಿ, ಮೇಲೆ ಮೆಂತ್ಯೆ ಬಿತ್ತಿದೆ.