ಊರಿಗೆ ಹೊರಡುವ ಮುನ್ನ ಬಾಲ್ಕನಿಯ ಪಂಪ್ ಒಮ್ಮೆ ನೋಡಿ

ಮೇ ರಜೆಗೆ ಕುಂಡಗಳನ್ನು ಮನೆಯಲ್ಲೇ ಜೋಡಿಸಿದ ಆಟೋಮ್ಯಾಟಿಕ್ ನೀರಿನ ಭರವಸೆಗೆ ಬಿಟ್ಟು ಊರಿಗೆ ಹೋಗುವವರು ದಯವಿಟ್ಟು ಇದನ್ನು ಓದಿ.

ಮುಂಬೈ ಬಳಿಯ ಡೊಂಬಿವಲಿಯ ಮೂರನೇ ಮಹಡಿಯ ಫ್ಲಾಟಿನಲ್ಲಿ ಆದದ್ದು. ಆರ್ಡುಯಿನೋ (ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡ್), ಎರಡು ಕಾಲಿನ ಮಣ್ಣಿನ ತೇವದ ಸೆನ್ಸರ್, ಬೋರ್ಡ್ ಹೇಳಿದಂತೆ ಪಂಪ್ ಆನ್-ಆಫ್ ಮಾಡುವ ಒಂದು ರಿಲೇ, 20 ಲೀಟರ್ ಬಕೆಟ್ಟಿನಲ್ಲಿ ಮುಳುಗಿಸಿದ 5 ವೋಲ್ಟ್ ಪಂಪ್. ಬಕೆಟ್ ಖಾಲಿಯಾಗದಿರಲೆಂದು ನಲ್ಲಿಗೆ ಫ್ಲೋಟ್ ವಾಲ್ವ್ (ನೀರಿನ ಮಟ್ಟ ಇಳಿದರೆ ತಾನೇ ತೆರೆದು ತುಂಬಿಸುವ ತೇಲುವ ವಾಲ್ವ್) ಕೂಡ ಹಾಕಿದ್ದರು. ನಾಲ್ಕನೇ ದಿನ ಕೆಳಗಿನ ಮನೆಯಿಂದ ಫೋನ್: ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಿದೆ. ಬೀಗ ತೆಗೆಸಿದರೆ ಪಂಪ್ ಓಡುತ್ತಲೇ ಇತ್ತು. ಮಲ್ಲಿಗೆ, ಕರಿಬೇವಿನ ಕುಂಡದ ಮಣ್ಣು ಕೊಚ್ಚಿಕೊಂಡು ಬಂದು ನೀರು ಹೋಗುವ ಜಾಲಿಗೆ ಕಟ್ಟಿಕೊಂಡಿತ್ತು.

ಸೆನ್ಸರ್ ಕಿತ್ತು ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಒಂದು ಕಾಲು ಹೊಳೆಯುತ್ತಿದೆ. ಇನ್ನೊಂದರಲ್ಲಿ ತಾಮ್ರವೇ ಇಲ್ಲ, ಅಂಚಿನಲ್ಲಿ ಹಸಿರು ಕಿಲುಬು ಮಾತ್ರ. ಒದ್ದೆ ಮಣ್ಣಿನಲ್ಲಿ ಸದಾ ಒಂದೇ ದಿಕ್ಕಿನ (ಡಿಸಿ) ಕರೆಂಟ್ ಹರಿದರೆ ಪಾಸಿಟಿವ್ ಕಾಲಿನ ತಾಮ್ರ ಕರಗಿಹೋಗುತ್ತದೆ. ಗೊಬ್ಬರದ ಉಪ್ಪಿದ್ದರೆ ಇನ್ನೂ ಬೇಗ. ತಾಮ್ರ ತುಂಡಾದಾಗ ಬೋರ್ಡಿಗೆ ಬರುವ ಅಂಕಿ 1023ರ ಹತ್ತಿರ, ಅಂದರೆ ಅದರ ಅಳತೆಯ ತುತ್ತತುದಿ. ಪೂರ್ತಿ ಒಣಗಿದ ಮಣ್ಣಿನದೂ ಅದೇ ಅಂಕಿ. ಸತ್ತ ಸೆನ್ಸರ್ ‘ಬಾಯಾರಿಕೆ’ ಅನ್ನುತ್ತದೆ, ಪಂಪ್ ನಂಬುತ್ತದೆ.

ಆದರೂ ಹಾನಿ ದೊಡ್ಡದಾದದ್ದು ಫ್ಲೋಟ್ ವಾಲ್ವ್‌ನಿಂದ. ಅದಿಲ್ಲದಿದ್ದರೆ ಗಂಟೆಗೆ 100 ಲೀಟರ್ ಎತ್ತುವ ಪಂಪಿಗೆ 20 ಲೀಟರ್ ಖಾಲಿ ಮಾಡಲು 12 ನಿಮಿಷ ಸಾಕು. ಆಮೇಲೆ ಒಣಗಿ ಓಡಿ ಪಂಪ್ ಸುಡುತ್ತಿತ್ತು, ಅಷ್ಟೇ. ಮನೆಯಲ್ಲಿ ಜನರಿಲ್ಲದಾಗ ನಲ್ಲಿಯ ಸಂಪರ್ಕ ಬೇಡವೇ ಬೇಡ.

ಎರಡು ಕಾಲಿನದರ ಬದಲು ಕೆಪಾಸಿಟಿವ್ ಸೆನ್ಸರ್ ಹಾಕಿ. ಅದರಲ್ಲಿ ಮಣ್ಣಿಗೆ ತಾಗುವ ಬರಿ ಲೋಹವಿಲ್ಲ. ಆದರೆ ಪಟ್ಟಿಯ ಕತ್ತರಿಸಿದ ಅಂಚುಗಳು ನೀರು ಹೀರುತ್ತವೆ, ಮೇಲಿನ ಚಿಪ್‌ಗಳಿಗೂ ಹೊದಿಕೆಯಿಲ್ಲ. ಎರಡಕ್ಕೂ ಉಗುರು ಬಣ್ಣವನ್ನೋ ಎಪಾಕ್ಸಿಯನ್ನೋ ಎರಡು ಸಲ ಬಳಿಯಿರಿ. ಗಾಳಿಯಲ್ಲಿ ಬರುವ ಅಂಕಿ, ಲೋಟದ ನೀರಿನಲ್ಲಿ ಬರುವ ಅಂಕಿ ಬರೆದಿಡಿ. ಇವೆರಡರ ಆಚೆಗೆ ಹೋದರೆ ಪಂಪ್ ಶುರುವಾಗಬಾರದು.

ಎಲ್ಲಕ್ಕಿಂತ ಮುಖ್ಯ: ನೀರು ಬೇಕೇ ಎಂದು ಸೆನ್ಸರ್ ಹೇಳಲಿ, ಎಷ್ಟು ಎಂಬುದನ್ನು ಗಡಿಯಾರವೇ ನಿರ್ಧರಿಸಲಿ. ಒಂದು ಸಲಕ್ಕೆ 20 ಸೆಕೆಂಡ್, ಅಂದರೆ ಸುಮಾರು ಅರ್ಧ ಲೀಟರ್. ಮುಂದಿನ ಸಲಕ್ಕೆ ಕನಿಷ್ಠ 6 ಗಂಟೆ ಬಿಡುವು. ಕರೆಂಟ್ ಹೋಗಿ ಬಂದರೆ ಬೋರ್ಡ್ ಹೊಸದಾಗಿ ಶುರುವಾಗುತ್ತದೆ, ಈ ಲೆಕ್ಕ ಮರೆಯುತ್ತದೆ. ಹಾಗಾಗಿ ಎದ್ದ ಕೂಡಲೇ ನೀರು ಬಿಡದೆ ಮೊದಲು 6 ಗಂಟೆ ಕಾಯುವಂತೆ ಪ್ರೋಗ್ರಾಮ್ ಬರೆಯಿರಿ.

ಬಕೆಟ್ ಕುಂಡಕ್ಕಿಂತ ಕೆಳಗಿರಲಿ. ಮೇಲಿದ್ದರೆ ಪಂಪ್ ನಿಂತರೂ ಸೈಫನ್ ಆಗಿ, ಅಂದರೆ ಪೈಪಿನಲ್ಲಿ ತಾನಾಗಿಯೇ ಕೆಳಕ್ಕೆ ಎಳೆದುಕೊಂಡು, ನೀರು ಹರಿಯುತ್ತಲೇ ಇರುತ್ತದೆ. 230 ವೋಲ್ಟಿನ ಕೂಲರ್ ಪಂಪ್ ಬಾಲ್ಕನಿಗೆ ತರಲೇಬೇಡಿ.

ಹೊರಡುವ ಎರಡು ದಿನ ಮೊದಲು ಪಂಪ್ ಓಡುತ್ತಿರುವಾಗಲೇ ಸೆನ್ಸರ್ ವೈರ್ ಕಿತ್ತು ನೋಡಿ. 20 ಸೆಕೆಂಡಿನೊಳಗೆ ಪಂಪ್ ನಿಲ್ಲದಿದ್ದರೆ ಪ್ಲಗ್ ತೆಗೆದಿಟ್ಟು, ಪಕ್ಕದ ಮನೆಯ ಕಾಕಿಗೆ ಕೀಲಿ ಕೊಟ್ಟು ಹೋಗಿ.