ಮನೆಗೆ ಪಿಯಾನೋ ರೆಕಾರ್ಡಿಂಗ್‌ಗೆ ಕರೆಸೋರು ಹುಷಾರು, 7 ಸಾವಿರ ಕಳ್ಕೊಂಡಿದೀನಿ

ಬರೀಬೇಕೋ ಬೇಡ್ವೋ ಅಂತ ಮೂರು ದಿನ ಒದ್ದಾಡಿದೆ. ಯಾಕಂದ್ರೆ ಫ್ಯಾಮಿಲಿ ಗ್ರೂಪಲ್ಲಿ 'ಪ್ರೊಫೆಷನಲ್ ಸೆಟಪ್' ಅಂತ ಫೋಟೋ ಹಾಕಿ ಮೆರೆದಿದ್ದು ನಾನೇ.

ತುಮಕೂರಲ್ಲಿ ನಮ್ ಸೋದರತ್ತೆ ಮನೇಲಿ ಹಳೇ ಅಪ್‌ರೈಟ್ (ಬೀರು ಥರ ನೆಟ್ಟಗೆ ನಿಲ್ಲೋ) ಪಿಯಾನೋ ಇದೆ. ಅತ್ತೆಗೆ 71, ಬೆರಳು ಗಂಟು ಕಟ್ತಿದೆ, ಕೈ ಆಡೋವಾಗ್ಲೇ ಒಂದ್ ನಾಲ್ಕು ನೋಟುಸ್ವರ (ಪಾಶ್ಚಾತ್ಯ ಧಾಟಿಗೆ ಮುತ್ತುಸ್ವಾಮಿ ದೀಕ್ಷಿತರು ಕಟ್ಟಿದ ಹಾಡು) ರೆಕಾರ್ಡ್ ಮಾಡಿಸ್ಬಿಡೋಣ ಅಂತ ಆಸೆ. ಬೆಂಗ್ಳೂರಿಂದ ಟ್ಯೂನರ್ ಕರೆಸಿ ಶ್ರುತಿ ಮಾಡಿಸಿದ್ವಿ, ಅದಾಗಿ ಎರಡೇ ದಿನಕ್ಕೆ ಈ ರೆಕಾರ್ಡಿಂಗ್ ಮಾಡೋನು ಬಂದ. 12 ಸಾವಿರ ಮಾತು, 7 ಅಡ್ವಾನ್ಸ್. ನಾಲ್ಕು ಕಂಡೆನ್ಸರ್ ಮೈಕ್ ಅಂದೋನು ತಂದಿದ್ದು ಎರಡು. ಆಗ್ಲೇ ವಾಪಸ್ ಕಳಿಸ್ಬೇಕಿತ್ತು, ನಾನು ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿ ಕೂರಿಸ್ದೆ, ನನ್ ಬುದ್ಧಿಗಿಷ್ಟು.

ಎರಡೂ ಮೈಕನ್ನ ಅತ್ತೆ ಬೆನ್ನ ಹಿಂದೆ ಒಂದೇ ಕಡೆ ನಿಲ್ಸಿದ, ಮದುವೆ ಆರ್ಕೆಸ್ಟ್ರಾಕ್ಕೆ ಇಟ್ಟಂಗೆ. ಮೇಲಿನ ಮುಚ್ಚಳ ತೆಗೀಬೇಕಲ್ವಾ ಅಂದ್ರೆ 'ತೆಗೆದ್ರೆ ಸೌಂಡ್ ಚದುರೋಗುತ್ತೆ ಸಾರ್, ನೀವ್ ಟೆನ್ಷನ್ ತಗೋಬೇಡಿ' ಅಂದ. ಹೆಡ್‌ಫೋನ್ ಇತ್ತು, ಆದ್ರೆ ಕುತ್ತಿಗೇಲಿ. ಒಂದ್ ಸಲಾನೂ ಕಿವಿಗೆ ಹೋಗ್ಲಿಲ್ಲ. ಜೊತೆಗ್ ಬಂದಿದ್ದ ಹುಡುಗ ಮೊಬೈಲನ್ನ ಪಿಯಾನೋ ಮೇಲೇ ಇಟ್ಟ, ರೀಲ್ಸ್‌ಗಂತೆ. ಅತ್ತೆ ರೇಷ್ಮೆ ಸೀರೆ ಉಟ್ಕೊಂಡು, ಫ್ಯಾನ್ ಆಫ್ ಮಾಡಿ ಬೆವರ್ಕೊಂಡು, ಒಂದೊಂದನ್ನೂ ಮೂರ್ಮೂರು ಸಲ ನುಡಿಸಿದ್ರು.

ಹತ್ತು ದಿನ ಕಾಯಿಸಿ ವಾಟ್ಸಾಪಲ್ಲಿ ಆಡಿಯೋ ಬಂತು. ವಾವ್ (WAV, ಸೌಂಡ್ ಕುಗ್ಗಿಸ್ದೆ ಇಡೋ ಫೈಲು) ಫೈಲ್ ಕೊಡಪ್ಪಾ ಅಂದಿದ್ದಕ್ಕೆ ಆ ವಾಟ್ಸಾಪಿಂದನ್ನೇ ವಾವ್ ಮಾಡಿ ಕಳಿಸ್ದ. ಡಬ್ಬಿ ಬದಲಾದ್ರೆ ಒಳಗಿನ ಚಿತ್ರಾನ್ನ ಪುಳಿಯೋಗರೆ ಆಗುತ್ತಾ? ಅತ್ತೆ ಕೇಳಿ 'ಇದು ನನ್ ಪಿಯಾನೋ ಅಲ್ವಲ್ಲೋ' ಅಂದ್ರು.

ಆಮೇಲೆ ನಾನು ಒಬ್ನೇ ಇಯರ್‌ಫೋನ್ ಹಾಕ್ಕೊಂಡು ಕೇಳ್ದೆ. ಶುರುವಲ್ಲೇ 'ಟಪ್' ಅಂತ ಮರದ್ ಮೇಲೆ ಏನೋ ಇಟ್ಟ ಸದ್ದು, ಹಿಂದೇನೇ ಆ ಹುಡುಗನ ದನಿ, 'ಅಣ್ಣಾ, ಆನ್ ಐತೆ'. ಪಿಯಾನೋಗಿಂತ ಅವನ ದನಿನೇ ಹತ್ರ! ನಡುವೆ ಒಂದ್ಸಲ ಫೋನ್ ವೈಬ್ರೇಟ್ ಆಗಿ ಗುರ್ರ್ ಅಂತಿದೆ. ಕೈ ತಣ್ಣಗಾಯ್ತು ನಂಗೆ. ಮೊಬೈಲ್ ರೆಕಾರ್ಡಿಂಗು ರೀ ಅದು, ಮೊಬೈಲ್ ರೆಕಾರ್ಡಿಂಗು! ಅಳಿಯ ಲ್ಯಾಪ್‌ಟಾಪಲ್ಲಿ ಹಾಕಿ ನೋಡ್ದ, ಎಡ ಬಲ ಎರಡೂ ಅಚ್ಚು ಹೊಡ್ದಂಗೆ ಒಂದೇ, ಸ್ಟೀರಿಯೋ ಅನ್ನೋದೇ ಇಲ್ಲ. ನಾನು ಮೆರೆದಿದ್ನಲ್ಲ, ಅದೇ ಫೋಟೋ ಜೂಮ್ ಮಾಡಿದ್ರೆ ಇಂಟರ್‌ಫೇಸಲ್ಲಿ (ಮೈಕ್ ಕೇಬಲ್ ಚುಚ್ಚೋ ಡಬ್ಬಿ) 48 ವೋಲ್ಟ್ ಬಟನ್ ಲೈಟೇ ಹತ್ತಿಲ್ಲ. ಅವನ ಮೈಕ್‌ಗೆ ಫ್ಯಾಂಟಮ್ ಪವರ್, ಅಂದ್ರೆ ಕೇಬಲಲ್ಲೇ ಹೋಗೋ ಆ 48 ವೋಲ್ಟ್ ಕರೆಂಟು, ಬೇಕೇ ಬೇಕು, ಇಲ್ದಿದ್ರೆ ಅದು ಬರೀ ಶೋಕಿ ಕಂಬ.

ಕೇಳಿದ್ದಕ್ಕೆ ಉತ್ರ ನೋಡಿ. ಮೊದ್ಲು 'ಪಿಯಾನೋನೇ ಹಳೇದು ಸಾರ್, ಅದ್ರ ಸೌಂಡೇ ಹಂಗೆ'. ಹುಡುಗನ ದನಿ ಕಳಿಸಿದ್ಮೇಲೆ 'ಅದು ರೂಮ್ ಆಂಬಿಯೆನ್ಸ್'. ಒರಿಜಿನಲ್ ಕೊಡು ಅಂದ್ರೆ 'ಕಾರ್ಡ್ ಫಾರ್ಮ್ಯಾಟ್ ಆಯ್ತು'. ಕೊನೆಗೆ 'ಬ್ಯಾಲೆನ್ಸ್ 5 ಯಾವಾಗ ಹಾಕ್ತೀರಾ ಸಾರ್?' ಬ್ಯಾಲೆನ್ಸ್ ಅಂತೆ!

ಕರೆಸೋರು ಇಷ್ಟು ನೋಡ್ಕೊಳ್ಳಿ. ಅಪ್‌ರೈಟ್ ಆದ್ರೆ ಮೇಲಿನ ಮುಚ್ಚಳ ತೆಗೆಸಿ, ಇಲ್ಲ ಗೋಡೆಯಿಂದ ಸರಿಸಿ ಹಿಂದಿನ ಸೌಂಡ್‌ಬೋರ್ಡ್ (ಸದ್ದು ಹೊಮ್ಮೋ ಮರದ ಹಲಗೆ) ಕಡೆ ಮೈಕ್ ಇಡಿಸಿ. ಒಂದೇ ಥರದ ಎರಡು ಸಾಕು, ಒಂದು ಮಂದ್ರದ ಕಡೆ, ಒಂದು ತಾರದ ಕಡೆ. ತಂತಿಯಿಂದ ಒಂದಡಿ ಇದ್ರೆ ಮೈಕ್ ಮೈಕ್ ನಡುವೆ ಸುಮಾರು ಮೂರಡಿ ಬಿಡ್ಸಿ, ಹತ್ರ ಆದ್ರೆ ಫೇಸ್ (phase) ಹೊಡೆದು, ಅಂದ್ರೆ ಎರಡು ಮೈಕಿನ ಸದ್ದು ಒಂದನ್ನೊಂದು ತಿಂದು, ಕೆಲವು ಸ್ವರ ಟೊಳ್ಳಾಗುತ್ತೆ, ಮೊಬೈಲ್ ಸ್ಪೀಕರಲ್ಲಿ ಕೇಳಿದ್ರಂತೂ ಮಾಯನೇ. ಮೊದಲ ಟೇಕನ್ನ ಅಲ್ಲೇ ಹೆಡ್‌ಫೋನಲ್ಲಿ ಕೇಳಿ, ವಾವ್ ಫೈಲ್ ಪೆನ್‌ಡ್ರೈವ್‌ಗೆ ಬಿದ್ಮೇಲೆ ದುಡ್ಡು. ಇಡ್ಲಿ ಗಿಡ್ಲಿ ಆಮೇಲೆ.

ಅತ್ತೆಗೆ ಮೊಬೈಲ್ ವಿಷ್ಯ ಇನ್ನೂ ಹೇಳಿಲ್ಲ. ತನ್ ಬೆರಳೇ ಹೋಯ್ತು ಅನ್ಕೊಂಡು ನಾಲ್ಕು ದಿನದಿಂದ ಪಿಯಾನೋ ಮುಟ್ಟಿಲ್ಲ ಅವರು.